ಬೆಳೆಯುವ ಕೈ

ವಾಚು ಸೋಪಿನ ನೀರಿಗೆ ಬಿದ್ದಾಗ ಆಕೆ ಬಟ್ಟೆ ಒಗೆಯುತ್ತಿದ್ದಳು. ಗಂಡ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು, "ಆ ಕಾಲರಿನ ಹತ್ರ ಇನ್ನೊಂಚೂರು ಉಜ್ಜು" ಎಂದು ಮೇಸ್ತ್ರಿಯ ಹಾಗೆ ಕೈ ಚಾಚಿದ್ದೇ ತಡ, ನೀಲಿ ಮುಖದ ವಾಚು ಮಣಿಕಟ್ಟಿನಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ ಇಳಿದು, ಚೈನಿಗೆ ಹಾಕಿದ್ದ ಬೀಗ ಹಾಕಿದ ಹಾಗೆಯೇ ಇದ್ದು, ಬಕೆಟ್ಟಿನೊಳಗೆ ಗುಳುಂ ಎಂದಿತು.

"ಅಯ್ಯೋ ನಿಮ್ಮ!" ಎನ್ನುತ್ತ ಆಕೆ ಮೊಣಕೈತನಕ ನೊರೆಗೆ ಕೈ ಹಾಕಿ ಅಂಗಿ, ಟವೆಲ್ಲು, ಕಾಲುಚೀಲಗಳ ನಡುವೆ ತಡಕಾಡಿದಳು. ಸಿಕ್ಕಿತು. ಒರೆಸಿ ಕೊಟ್ಟರೆ ಆತ ಕಿವಿಗೆ ಹಿಡಿದು ಕೇಳಿದ.

"ಓಡ್ತಾ ಇದೆ. ನನಗಿಂತ ಗಟ್ಟಿ ಪಿಂಡ."

"ಸಾಕು ಮಾಡಿ ಇನ್ನು. ಬೀರುವಿನಲ್ಲಿ ತೆಗೆದಿಡ್ತೀನಿ, ಕೊಡಿ."

"ಯಾವಾಗ್ಲಿಗೆ?"

"ಆಮೇಲಕ್ಕೆ."

"ಆಮೇಲೆ ಅಂದ್ರೆ ಯಾವಾಗ್ಲೇ?"

ಕುಹಕ ಇರಲಿಲ್ಲ ಆ ಮಾತಿನಲ್ಲಿ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರ ಹಾಗೆ ಕೇಳಿದ್ದ. ಆಕೆ ಕೈಗಳನ್ನು ಮತ್ತೆ ನೊರೆಯಲ್ಲಿ ಮುಳುಗಿಸಿ, ಆಗಲೇ ಉಜ್ಜಿದ್ದ ಕಾಲರನ್ನೇ ಇನ್ನೊಮ್ಮೆ ಉಜ್ಜಿದಳು.

ಈ ತೆಗೆದಿಡುವ ಪಾಠ ಹೇಳಿಕೊಟ್ಟವನೇ ಆತ. ಕಾರ್ಖಾನೆಯಲ್ಲಿ ಲೇತ್ ಮೆಷೀನಿನ ಮುಂದೆ ನಿಂತೇ ಆಯಸ್ಸು ಸವೆಸಿದವನು. ತಿರುಗುವ ಯಂತ್ರದ ಹತ್ತಿರ ವಾಚು, ಉಂಗುರ ಏನೂ ಕೂಡದು ಎಂದು ಅಲ್ಲಿ ಕೆಂಪಕ್ಷರದ ಬೋರ್ಡಿತ್ತು. ಬೋರ್ಡಿಗೆ ಹೆದರದವರೂ, ಜೊತೆಯವನೊಬ್ಬನ ಉಂಗುರ ಸಿಕ್ಕಿಕೊಂಡು ಬೆರಳೇ ಹೋದ ಮೇಲೆ ಹೆದರಿದರು. ಹೀಗೆ ಬರಿಗೈಯಲ್ಲಿ ದುಡಿಯುವ ಮನುಷ್ಯನಿಗೆ ಹುಚ್ಚು ಹತ್ತಿದ್ದು ವಾಚಿನದೇ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಓವರ್‌ಟೈಮು ಮಾಡಿ ಮಾಡಿ ಮೂರು ವಾಚು ಕೊಂಡ. ಒಂದು ಚಿನ್ನದ ನೀರು ಹಾಕಿಸಿದ್ದು, ಒಂದು ಕಪ್ಪು ಚರ್ಮದ ಪಟ್ಟಿಯದು, ಕೊನೆಯದು ಈ ನೀಲಿ ಮುಖದ್ದು. ಎಲ್ಲಕ್ಕಿಂತ ದುಬಾರಿಯದೂ ಅದೇ. ಭಾನುವಾರ ಬೆಳಿಗ್ಗೆ ಬೀರುವಿನಿಂದ ಅವುಗಳ ಡಬ್ಬಿಗಳನ್ನು ಇಳಿಸಿ, ಹಳದಿ ಬಟ್ಟೆಯಲ್ಲಿ ಒರೆಸಿ, ಕೀ ಕೊಟ್ಟು, ಕಿವಿಗೆ ಹಿಡಿದು, ಮಕ್ಕಳನ್ನು ಮಲಗಿಸುವ ಹಾಗೆ ಮತ್ತೆ ಮಖಮಲ್ಲಿನ ದಿಂಬಿನ ಮೇಲೆ ಮಲಗಿಸುತ್ತಿದ್ದ.

"ಇದೇನು ಪೂಜೆಗಾ, ಕಟ್ಕೊಳ್ಳೋಕಾ?" ಎಂದು ಆಕೆ ರೇಗಿಸಿದರೆ, "ರಿಟೈರ್ ಆಗ್ಲಿ ತಾಳೇ. ಆಮೇಲೆ ದಿನಕ್ಕೊಂದು" ಎನ್ನುತ್ತಿದ್ದ.

ಮಗಳ ಮದುವೆಯಲ್ಲಿ ಒಂದೇ ಒಂದು ಸಲ ನೀಲಿಯದನ್ನು ಕಟ್ಟಿಕೊಂಡಿದ್ದ. ಅದೂ ಗೀರು ಬಿದ್ದೀತೆಂದು ಅಂಗಿಯ ತೋಳನ್ನು ಬೆರಳತನಕ ಎಳೆದುಕೊಂಡು. ಬೀಗರು ಟೈಮೆಷ್ಟು ಎಂದು ಕೇಳಿದಾಗ ಕೈಯಲ್ಲಿದ್ದುದು ಮರೆತೇ ಹೋಗಿ, ಛತ್ರದ ಗೋಡೆ ಗಡಿಯಾರ ನೋಡಿ ಹೇಳಿದ. ಆ ಕಥೆಯನ್ನು ಆಕೆ ಕಂಡಕಂಡವರಿಗೆಲ್ಲ ಹೇಳಿ ನಗಿಸಿದ್ದಳು. ರಿಟೈರಾದ ಮೇಲೂ ವಾಚುಗಳು ಬೀರುವಿನಿಂದ ಇಳಿಯಲಿಲ್ಲ. ಮನೆಯಲ್ಲಿ ಕೂರುವವನಿಗೆ ಅಷ್ಟು ಒಳ್ಳೆಯ ವಾಚು ಯಾತಕ್ಕೆ, ಯಾವುದಾದರೂ ಒಳ್ಳೆಯ ದಿನ ಬರಲಿ ಎಂದ. ಬಂದದ್ದು ಕಾಯಿಲೆ.

ಒಂದು ವರ್ಷ ಡಾಕ್ಟರು ಉಪ್ಪು ಬೇಡ, ಸಕ್ಕರೆ ಬೇಡ, ಕರಿದದ್ದು ಮುಟ್ಟಲೇಬೇಡಿ ಎಂದು ಬಾಯಿಗೆ ಬೀಗ ಜಡಿದಿದ್ದರು. ಆಕೆ ಪಥ್ಯದಲ್ಲಿ ಎಳ್ಳಷ್ಟೂ ತಪ್ಪಿಸಿರಲಿಲ್ಲ. ಹೋದ ಸಲ ಹೋದಾಗ ಅದೇ ಡಾಕ್ಟರು ಕಾಗದಗಳನ್ನೆಲ್ಲ ತಿರುವಿ ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದ್ದಕ್ಕಿದ್ದಂತೆ ಧಾರಾಳವಾಗಿಬಿಟ್ಟರು. "ಇನ್ನು ಪಥ್ಯ ಏನೂ ಬೇಡಮ್ಮಾ. ಏನು ಆಸೆಯೋ ಅದನ್ನ ಮಾಡಿಕೊಡಿ" ಎಂದರು. ಆಕೆಗೆ ಮೊದಲು ಖುಷಿಯೇ ಆಯಿತು. ಗಂಡ ಮೆಟ್ಟಿಲಿನ ಕಂಬಿ ಹಿಡಿದು ಇಳಿಯುತ್ತ, "ರಜೆ ಕೊಟ್ಟುಬಿಟ್ಟರು ಕಣೇ" ಎಂದಾಗಲೂ ನಕ್ಕಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅರ್ಥವಾಯಿತು. ಚಪ್ಪಲಿ ಬಿಟ್ಟು ಅಲ್ಲೇ ಕೂತಳು.

ಮರುದಿನ ಬೆಳಿಗ್ಗೆ ಆತ ಬೀರು ತೆರೆದ. ಅವತ್ತಿನಿಂದ ದಿನಕ್ಕೊಂದು ವಾಚು. ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುವಾಗ ಚಿನ್ನದ ನೀರಿನದು, ಬಾಲ್ಕನಿಯಲ್ಲಿ ಕಾಗೆ ಓಡಿಸುವಾಗ ಚರ್ಮದ ಪಟ್ಟಿಯದು, ಹಲ್ಲುಜ್ಜುವುದಕ್ಕೂ ಮಾತ್ರೆ ನುಂಗುವುದಕ್ಕೂ ನೀಲಿಯದು. ನಲ್ಲಿಗೆ ತಾಗಿ ಗಾಜಿಗೆ ಗೀರು ಬಿದ್ದರೂ ಅದನ್ನು ಬೆರಳಲ್ಲಿ ಸವರಿ ಸುಮ್ಮನಾದ. ಹಿಂದಿನ ಕಾಲದಲ್ಲಾಗಿದ್ದರೆ ಮೂರು ದಿನ ಊಟ ಬಿಡುತ್ತಿದ್ದ. ಆ ಸುಮ್ಮನಿರುವಿಕೆ ಕಂಡರೆ ಆಕೆಗೆ ಭಯ. ವಾಚು ಬೀರುವಿನಲ್ಲಿ ಇದ್ದಷ್ಟು ಕಾಲ ಆಮೇಲೆ ಎನ್ನುವುದೊಂದು ಮುಂದೆ ಇತ್ತು. ಈಗ ಆತ ಅದನ್ನೇ ದಿನಾ ಬೆಳಿಗ್ಗೆ ಮಣಿಕಟ್ಟಿಗೆ ಕಟ್ಟಿಕೊಂಡು ಖರ್ಚು ಮಾಡುತ್ತಿದ್ದಾನೆ ಎನ್ನಿಸುತ್ತಿತ್ತು. ಮೂರನ್ನೂ ಹೇಗಾದರೂ ಮತ್ತೆ ಒಳಗೆ ಹಾಕಿಬಿಟ್ಟರೆ ಆತನೂ ಉಳಿದಾನು. ಹುಚ್ಚು ಲೆಕ್ಕ ಎಂದು ಗೊತ್ತಿತ್ತು. ಆದರೆ ಆಕೆಯ ಕೈಯಲ್ಲಿ ಬೇರೆ ಯಾವ ಲೆಕ್ಕವೂ ಉಳಿದಿರಲಿಲ್ಲ.

ಒಂದು ದಿನ ಆತ ಮಲಗಿದ್ದಾಗ ಮೂರನ್ನೂ ಬೀರುವಿಗೆ ಸೇರಿಸಿ, ಬೀಗದ ಕೈಯನ್ನು ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟಳು. ವರ್ಷದಿಂದ ಆತ ಕೈ ಹಾಕದ ಜಾಗ ಅದೊಂದೇ. ಪಥ್ಯ ಹೋಗಿದೆ ಎನ್ನುವುದು ಮಾತ್ರ ಮರೆತೇ ಹೋಗಿತ್ತು. ಸಂಜೆ ಆತನೇ ಎದ್ದು ಹೋಗಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳಲು ಡಬ್ಬಿ ತೆರೆದ. ಚಮಚದಲ್ಲಿ ಬೀಗದ ಕೈ ಬಂತು. "ಸಿಹಿಯಾಗಿದೆ ಬಿಡೇ ನಿನ್ನ ಬೀಗ" ಎಂದು ಚೀಪಿಕೊಂಡೇ ಬೀರುವಿನ ಹತ್ತಿರ ನಡೆದ. ಅಂದಿನಿಂದ ವಾಚುಗಳ ವಾಸ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ. ಬೀರುವಿನಲ್ಲಿ ಉಳಿದದ್ದು ಖಾಲಿ ಡಬ್ಬಿಗಳು.

ಇವತ್ತು ಆಕೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಆತ ಹಾಸಿಗೆಯ ಮೇಲೆ ಒರಗಿದ್ದ. ಮೊಣಕೈಯ ಹತ್ತಿರಕ್ಕೆ ಏರಿಸಿಕೊಂಡಿದ್ದ ವಾಚು ಅಲ್ಲೂ ನಿಲ್ಲದೆ ತಿರುಗಿತ್ತು.

"ಮೂಲೆಯ ವಾಚ್ ರಿಪೇರಿಯವನ ಹತ್ರ ತಗೊಂಡು ಹೋಗು. ಚೈನಿನ ಕೊಂಡಿ ಕಡಿಮೆ ಮಾಡಿಕೊಡ್ತಾನೆ. ನಾನೇ ಹೋಗ್ತಿದ್ದೆ, ಮೆಟ್ಟಿಲು..."

"ನಾನು ಹೋಗಲ್ಲ."

"ಬಕೆಟ್ಟಿಗೆ ಬಿದ್ದದ್ದು ಸರಿ. ನಾಳೆ ರಸ್ತೆಗೆ ಬಿದ್ರೆ?"

"ಬೀಳ್ಲಿ."

ಆತ ಕೈ ಮುಂದೆ ಚಾಚಿದ. ಆಸ್ಪತ್ರೆಯಲ್ಲಿ ಚಾಚಿ ಚಾಚಿ ಅಭ್ಯಾಸವಾಗಿದ್ದ ಕೈ. ಒಂದು ಕಾಲದಲ್ಲಿ ಕಬ್ಬಿಣದ ದಿಂಡನ್ನು ಕಬ್ಬಿನ ಜಲ್ಲೆಯಂತೆ ಎತ್ತಿ ಯಂತ್ರಕ್ಕೆ ಸಿಕ್ಕಿಸುತ್ತಿದ್ದ ಕೈ. ಆಕೆ ಅದನ್ನು ನೋಡುತ್ತ ನಿಂತಳು. ಆಮೇಲೆ ಹೊಲಿಗೆ ಡಬ್ಬಿಯಿಂದ ಬಿಳಿ ದಾರದ ಉಂಡೆ ತಂದು ಪಕ್ಕದಲ್ಲಿ ಕೂತಳು.

"ಕೈಗೆ ಬಳೆ ತೊಟ್ಕೊಂಡು ಕೂತ ಅಂತಾರಲ್ಲ, ಹಾಗಾಯ್ತು ನನ್ನ ಕಥೆ. ಅಳತೆ ಸರಿಯಾಗಿ ತಗೋ" ಎಂದ ಆತ. ಆಕೆ ದಾರ ಸುತ್ತುವಾಗ ಆತನೊಳಗಿನ ಹಳೆಯ ಲೇತ್ ಮೇಸ್ತ್ರಿ ಎದ್ದು ಕೂತ. "ಎಳೀಬೇಡ. ಸಡಿಲಾನೂ ಬಿಡಬೇಡ. ಒಂದು ಕೂದಲಿನಷ್ಟು ಜಾಗ ಇರ್ಲಿ. ಹಾಂ, ಅಲ್ಲೇ ಗಂಟು ಹಾಕು."

ಗಂಟು ಹಾಕಿದಳು. ದಾರದ ಬಳೆಯನ್ನು ಆತನ ಕೈಯಿಂದ ಜಾರಿಸಿ, ಪರ್ಸಿನಲ್ಲಿಟ್ಟು, ಮುಖಕ್ಕೆ ನೀರು ಹಾಕಿಕೊಂಡು ಹೊರಟಳು.

ರಿಪೇರಿ ಅಂಗಡಿ ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು. ಗೋಡೆ ತುಂಬ ಗಡಿಯಾರಗಳು, ಒಂದರ ಹೊತ್ತು ಇನ್ನೊಂದಕ್ಕೆ ತಾಳೆಯಿಲ್ಲ. ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ವಾಚು ತಗೊಂಡು ತಿರುಗಿಸಿ ತಿರುಗಿಸಿ ನೋಡಿದ. ಬಾಯಿ ಬಡುಕ, ಆದರೆ ಕೈ ಮೆದು.

"ಅಬ್ಬಾ, ಎಂಥ ಮಾಲು! ಯಾರೋ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದಾರೆ. ಗೀರುಗಳು ಮಾತ್ರ ಈಚಿನವು, ಅಲ್ವಾ? ಎಷ್ಟು ಬಿಗಿ ಮಾಡ್ಲಿ?"

ಆಕೆ ಪರ್ಸಿನಿಂದ ದಾರದ ಬಳೆ ತೆಗೆದು ಕೊಟ್ಟಳು. ರಿಪೇರಿಯವನು ಅದನ್ನು ಎರಡು ಬೆರಳಿಗೆ ಸಿಕ್ಕಿಸಿ ಅಗಲಿಸಿದ. ಮುಖ ಅರಳಿತು.

"ಯಾರಿಗಮ್ಮಾ, ಮೊಮ್ಮಗನಿಗಾ?"

ಅಲ್ಲ, ಯಜಮಾನರಿಗೆ ಎಂದು ಹೇಳಲು ಆಕೆ ಬಾಯಿ ತೆರೆದಳು. "ಹೂಂ" ಎಂದಳು.

"ಎಷ್ಟನೇ ಕ್ಲಾಸು?"

"ಈಗ... ರಜೆ."

"ಇಷ್ಟು ಬೆಲೆ ಬಾಳೋ ವಸ್ತೂನ ಮಕ್ಕಳ ಕೈಗೆ ದಿನಾ ಕಟ್ಟಬಾರದಮ್ಮಾ. ತೆಗೆದಿಡಿ. ದೊಡ್ಡವನಾದ್ಮೇಲೆ ಹಾಕ್ಕೊಳ್ಳಲಿ."

ಇಷ್ಟು ದಿನಗಳಲ್ಲಿ ತನ್ನ ಪಕ್ಷ ವಹಿಸಿ ಮಾತಾಡಿದವನು ಇವನೊಬ್ಬನೇ.

"ನಾನೂ ಅದನ್ನೇ ಬಡ್ಕೋತೀನಿ. ಕೇಳಲ್ಲ" ಎಂದಳು. "ಹಟ ಅಂದ್ರೆ ಹಟ. ಬಚ್ಚಲಿಗೂ ಕಟ್ಕೊಂಡೇ ಹೋಗ್ತಾನೆ. ಬೀಗದ ಕೈ ಬಚ್ಚಿಟ್ರೆ ಹುಡುಕಿ ತೆಗೀತಾನೆ. ಊಟಕ್ಕೆ ಕರೆದ್ರೆ ಎರಡು ತುತ್ತು ತಿಂದು ತಟ್ಟೆ ನೂಕ್ತಾನೆ."

ಜೀವಮಾನದಲ್ಲಿ ಗಂಡನನ್ನು ಏಕವಚನದಲ್ಲಿ ಆಡಿದ್ದು ಅದೇ ಮೊದಲು. ಆಡಿದ ಮೇಲೆ ತಪ್ಪೆನ್ನಿಸಲಿಲ್ಲ. ತುಂಟ ಹುಡುಗನೊಬ್ಬ ನಿಜವಾಗಿಯೂ ಮನೆಯಲ್ಲಿದ್ದಾನೆ, ಬೈದರೆ ದಾರಿಗೆ ಬರುತ್ತಾನೆ ಎನ್ನಿಸಿ ಎದೆ ಹಗುರಾಯಿತು.

"ಮಕ್ಕಳೇ ಹಾಗೆ. ಹೊಟ್ಟೆ ತುಂಬ ತಿನ್ನಿಸಿ, ಎಲ್ಲ ಸರಿಹೋಗುತ್ತೆ" ಎಂದು ರಿಪೇರಿಯವನು ಸೂಜಿಯಂಥ ಸಲಕರಣೆ ಹಿಡಿದು ಚೈನಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಬಿಡಿಸಿದ್ದೊಂದೊಂದೂ ಗಾಜಿನ ಮೇಲೆ ಟಿಣ್ ಎನ್ನುತ್ತಿತ್ತು. ಇನ್ನೇನು ಮುಗಿಯಿತು ಎಂದುಕೊಂಡರೆ ಮತ್ತೊಂದು ಟಿಣ್. ಆಕೆ ಗೋಡೆಯ ಗಡಿಯಾರಗಳ ಕಡೆ ಮುಖ ತಿರುಗಿಸಿಕೊಂಡಳು.

"ತಗೊಳ್ಳಿ. ಬೀಗದ ಎರಡೂ ಕಡೆ ಇಷ್ಟಿಷ್ಟೇ ಉಳಿದಿರೋದು. ಇದಕ್ಕಿಂತ ಚಿಕ್ಕದು ಮಾಡೋಕೆ ಬರಲ್ಲ." ತನ್ನ ಮಾತಿಗೆ ತಾನೇ ನಕ್ಕ. "ಮಾಡೋ ಪ್ರಮೇಯಾನೂ ಬರಲ್ಲ ಬಿಡಿ. ಮಕ್ಕಳ ಕೈ ಏನು ಸಣ್ಣ ಆಗುತ್ತಾ? ಬೆಳೆಯೋ ಕೈ ಇದು." ಬಿಡಿಸಿದ ಕೊಂಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ಇವನ್ನ ಮಾತ್ರ ಜೋಪಾನ. ಕೈ ತುಂಬ್ಕೊಂಡ ಹಾಗೆಲ್ಲ ತನ್ನಿ, ಒಂದೊಂದೇ ಸೇರಿಸಿಕೊಡ್ತೀನಿ."

"ತರ್ತೀನಿ" ಎಂದಳು ಆಕೆ.

ರಸ್ತೆಯ ತಿರುವಿನ ತನಕ ಆ ಹಗುರ ಜೊತೆಯಲ್ಲೇ ಬಂತು. ಊಟಕ್ಕೆ ಏನು ಮಾಡಲಿ, ಏನು ಮಾಡಿದರೆ ಇನ್ನೆರಡು ತುತ್ತು ಹೆಚ್ಚು ಸೇರೀತು ಎಂದು ಯೋಚಿಸುತ್ತಲೇ ನಡೆದಳು. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂದು ಆಕೆ ಪಕ್ಕಕ್ಕೆ ಸರಿದಾಗ ಪರ್ಸಿನೊಳಗೆ ಕೊಂಡಿಗಳು ಗಲಗಲ ಎಂದವು. ಅಷ್ಟೊಂದಿವೆಯೇ ಎನ್ನಿಸಿತು. ಮುಚ್ಚಿದ ಅಂಗಡಿಯೊಂದರ ಕಟ್ಟೆ ಹಿಡಿದು ನಿಂತಳು. ಅಳು ಬರಲಿ ಎಂದು ಕಾದರೂ ಬರಲಿಲ್ಲ. ಏನು ಮಾಡಲಿ, ಯಾರನ್ನು ಕೇಳಲಿ ಎನ್ನುವುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಅಂಗಡಿಗೆ ವಾಪಸು ಹೋಗಿ ನಿಜ ಹೇಳಿದರೆ ಆ ಬಾಯಿ ಬಡುಕನೂ ಡಾಕ್ಟರ ಹಾಗೆ ಭೂತಗನ್ನಡಿ ತೆಗೆದು ಕೆಳಗಿಡುತ್ತಾನೆ. ಬೇಡ. ಅವನೊಬ್ಬನಾದರೂ ಹಾಗೇ ತಿಳಿದುಕೊಂಡಿರಲಿ.

ಮನೆಯಲ್ಲಿ ಆತ ಕಿಟಕಿಯ ಹತ್ತಿರ ಕಾಯುತ್ತಿದ್ದ. ವಾಚು ಕಟ್ಟಿದಳು. ಬೀಗ ಚಟ್ ಎಂದಿತು. ಆತ ಕೈ ಎತ್ತಿದ, ಇಳಿಸಿದ, ಬೆರಳುಗಳನ್ನು ಕೆಳಗೆ ಮಾಡಿ ಜಾಡಿಸಿದ. ವಾಚು ಕದಲಲಿಲ್ಲ.

"ಕೂದಲಿನಷ್ಟು ಜಾಗ ಇದೆ. ಭೇಷ್! ಏನಂದ ಅವನು?"

"ಬೆಳೆಯೋ ಕೈ ಅಂದ."

ಆತ ಹೆಂಡತಿಯ ಮುಖ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ನಗು ಶುರುವಾಗಿ ಕೆಮ್ಮಾಯಿತು. ಆಕೆ ಬೆನ್ನು ನೀವಿ ನೀರು ಕುಡಿಸಬೇಕಾಯಿತು. "ಆ ಭೂತಗನ್ನಡಿ ಬದಲಾಯಿಸಿಕೊಳ್ಳೋಕೆ ಹೇಳ್ಬೇಕಿತ್ತು ಕಣೇ" ಎಂದು ಕಣ್ಣೊರೆಸಿಕೊಂಡ.

ಆಕೆ ಬೀರುವಿನ ಹತ್ತಿರ ಹೋದಳು. ನೀಲಿ ವಾಚಿನ ಡಬ್ಬಿ ತೆರೆದಳು. ಇಷ್ಟು ವರ್ಷ ವಾಚು ಮಲಗಿದ್ದ ಮಖಮಲ್ಲಿನ ದಿಂಬು ಅದೇ ಆಕಾರಕ್ಕೆ ತಗ್ಗಿತ್ತು. ಕಾಗದ ಬಿಡಿಸಿ ಕೊಂಡಿಗಳನ್ನು ಆ ತಗ್ಗಿಗೆ ಸುರಿದು, ಚೆಲ್ಲಾಡದ ಹಾಗೆ ಬೆರಳಿನಿಂದ ಒತ್ತಟ್ಟಿಗೆ ಸೇರಿಸಿದಳು.

"ಅಲ್ಲೇನೇ ಇಡ್ತಿದ್ದೀಯ?"

"ಕೊಂಡಿ."

"ಯಾವಾಗ್ಲಿಗೆ?"

"ಆಮೇಲಕ್ಕೆ" ಎಂದಳು, ತಿರುಗದೆ.

ಹಿಂದಿನಿಂದ ಮತ್ತೊಂದು ಪ್ರಶ್ನೆ ಬಂದೀತೆಂದು ಕಾದಳು. ಬರಲಿಲ್ಲ. "ಟೈಮಾಯ್ತು, ಕಾಫಿ ಮಾಡು" ಎಂದ, ವಾಚು ನೋಡಿ.

ಆಕೆ ಡಬ್ಬಿ ಮುಚ್ಚಿ ಬೀರುವಿಗೆ ಬೀಗ ಹಾಕಿದಳು. ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು, ಆತನ ಲೋಟಕ್ಕೆ ಎರಡು ಚಮಚ ಸಕ್ಕರೆ ತೆಗೆದುಕೊಂಡಳು. ಆಮೇಲೆ ಬೀಗದ ಕೈಯನ್ನು ಡಬ್ಬಿಯ ತಳದ ತನಕ ಒತ್ತಿ, ಮೇಲಿನ ಸಕ್ಕರೆಯನ್ನು ಚಮಚದ ಬೆನ್ನಿನಿಂದ ಸಮ ಮಾಡಿ, ಮುಚ್ಚಳ ಹಾಕಿದಳು.