ಒಂದು ಕಾಫಿ ಮುಗಿಯುವ ತನಕ

ನಾನು ದೋಹಾಕ್ಕೆ ಬಂದು ಇಪ್ಪತ್ತೇಳು ದಿನವಾಗಿತ್ತು. ಶನಿವಾರ ಬೆಳಿಗ್ಗೆ ವಾಪಸು ಹೋಗುವ ವಿಮಾನ. ಈ ಇಪ್ಪತ್ತೇಳು ದಿನಗಳಲ್ಲಿ ನನ್ನ ಗಂಡ ಚನ್ನಬಸವ ನನ್ನೆದುರು ಕೂತು ಒಂದು ಕಪ್ ಚಹಾ ಪೂರ್ತಿ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಅರ್ಧ ಕಪ್ಪಿಗೆ ಸೈಟಿನಿಂದ ಫೋನು ಬರುತ್ತಿತ್ತು, ಇಲ್ಲವೇ ಕಂಪನಿಯ ಬಸ್ಸು. ಗುರುವಾರ ಬಿನ್ ಮಹಮೂದ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ.

“ನಾಳೆ ನಿಮಗ ಸೂಟಿ. ನೀರಿನ ದಂಡಿಗೆ, ಛಲೋ ಜಾಗಾದಾಗ, ಇಬ್ರೂ ಕುರ್ಚಿ ಮ್ಯಾಲೆ ಕುಂತು ಒಂದೊಂದು ಕಾಫಿ ಕುಡಿಯೂಣು. ಮುಗಿಯೂ ತನಕಾ ನೀವು ಏಳಂಗಿಲ್ಲ. ಬಂಗಾರ ಬ್ಯಾಡ, ಸೆಂಟಿನ ಬಾಟ್ಲಿ ಬ್ಯಾಡ, ನನಗ ಇಷ್ಟ ಸಾಕು.”

“ಅಷ್ಟೇನಾ? ಖಲಾಸ್! ಇಟಲಿಗೇ ಕರಕೊಂಡ ಹೋಗ್ತೀನಿ ಬಾ,” ಎಂದರು.

ಅವರ ಇಟಲಿ ಇರುವುದು ಸಮುದ್ರಕ್ಕೆ ಮಣ್ಣು ಸುರಿದು ಕಟ್ಟಿದ ದ್ವೀಪದಲ್ಲಿ. ಇಟಲಿಯ ಊರೊಂದರ ನಕಲಿನಂತೆ ಹಳದಿ, ಗುಲಾಬಿ ಬಣ್ಣದ ಮನೆಗಳು, ನಡುವೆ ಕಾಲುವೆ, ಕಾಲುವೆಗೆ ಪುಟ್ಟ ಕಮಾನು ಸೇತುವೆಗಳು. ಹಿಂದೆ ಎರಡೂವರೆ ವರ್ಷ ಅಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡಿದ್ದರು. ಈಗ ಬೇರೆ ಸೈಟಿನಲ್ಲಿ ಫೋರ್‌ಮನ್. ಶುಕ್ರವಾರ ಟ್ಯಾಕ್ಸಿ ಇಳಿದವರೇ ನನ್ನನ್ನು ನೆಲಮಾಳಿಗೆಯ ಇಳಿಜಾರಿಗೆ ಕರೆದೊಯ್ದರು. ಅಲ್ಲಿ ಕಸದ ಡಬ್ಬಿ, ದಪ್ಪ ಪೈಪು, ಎಸಿಗಳ ಬಿಸಿ ಗಾಳಿ. ನನ್ನ ಇಳಕಲ್ ಸೀರೆಗೆ ಗ್ರೀಸು ಮೆತ್ತಿತು.

“ಈ ಊರಿಗೆ ಮುಂದಿನ ಬಾಗಲಾ ಇಲ್ಲೇನ್ರೀ?”

“ಇದ್ದೀತು. ನನಗ ಗೊತ್ತಿರೂದು ಇದ ದಾರಿ.”

ಮೇಲೆ ಬಂದರೆ ಜನವರಿಯ ಎಳೆ ಬಿಸಿಲು, ಹಸಿರು ನೀರು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಇವರು ನೋಡುತ್ತಿದ್ದದ್ದು ನೆಲವನ್ನು. ಜೇಬಿನಿಂದ ಐವತ್ತು ದಿರ್ಹಮಿನ, ಅಂದರೆ ಅರ್ಧ ರಿಯಾಲಿನ, ನಾಣ್ಯ ತೆಗೆದು, ಬಗ್ಗಿ, ಟೈಲಿಗೆ ಕುಟ್ಟಿದರು. ಟಣ್. ಪಕ್ಕದ್ದಕ್ಕೂ ಕುಟ್ಟಿದರು. ಟಣ್.

“ಏನ ನಡೆಸೀರಿ?”

“ಕೆಳಗ ಸಿಮೆಂಟ್ ತುಂಬಿದ್ರ ಟಣ್ ಅಂತೈತಿ, ಟೊಳ್ಳಿದ್ರ ಟೊಪ್ ಅಂತೈತಿ.”

ಒಂದು ಸೇತುವೆ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದು ಇವರ ಬೆನ್ನು ಚಿತ್ರದಲ್ಲಿ ಬಾರದಿರಲೆಂದು ಮೂರು ಸಲ ಜಾಗ ಬದಲಿಸಿತು. ನನಗೆ ಪಿತ್ತ ನೆತ್ತಿಗೇರಿತು. ನಾಣ್ಯ ಕಸಿದು ನನ್ನ ಪರ್ಸಿಗೆ ಹಾಕಿಕೊಂಡೆ. ಕೀಲಿಕೈಯಿಂದ ಶುರು ಮಾಡಿದರು. ಅದನ್ನೂ ಕಸಿದೆ.

ಅಂತೂ ನೀರಿನ ಪಕ್ಕದ ಹೋಟೆಲ್ಲಿನಲ್ಲಿ ಎರಡು ಕುರ್ಚಿ ಸಿಕ್ಕವು. ಸಪ್ಲೈಯರ್ ಟೋನಿ ನಮ್ಮ ಮಾತು ಕೇಳಿದವನೇ, “ಕನ್ನಡದವರಾ? ನಾನು ಮಂಗಳೂರು ಮಾರಾಯ್ರೆ,” ಎಂದು ಖುಷಿಯಿಂದ ಕಾಫಿ ತಂದಿಟ್ಟ. ಇವರು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಬಸ್ಸಿನಲ್ಲಿ ಬೇರೆಯವರ ಸೀಟು ಹಿಡಿದವರಂತೆ. ನಾನು ಒಂದು ಗುಟುಕು ಕುಡಿದು ತಲೆಯೆತ್ತುವಷ್ಟರಲ್ಲಿ ಎದುರಿನ ಕುರ್ಚಿ ಖಾಲಿ. ಮೇಜಿನ ಕೆಳಗಿನಿಂದ ಚಮಚದ ಸದ್ದು ಬರುತ್ತಿತ್ತು.

“ಎಂತ ಬಿತ್ತು ಸರ್?” ಎಂದು ಟೋನಿ ಓಡಿಬಂದ.

“ರೊಕ್ಕಾ ಬಿತ್ತರೀ,” ಎಂದು ಕೆಳಗಿನಿಂದ ಉತ್ತರ ಬಂತು.

ಪಾಪ, ಟೋನಿಯೂ ಮಂಡಿಯೂರಿದ. ಪಕ್ಕದ ಮೇಜಿನ ಅರಬ್ ಅಜ್ಜ ಮೊಬೈಲಿನ ಟಾರ್ಚ್ ಹಾಕಿ ಬಗ್ಗಿದ. ಅವನ ಇಬ್ಬರು ಮೊಮ್ಮಕ್ಕಳು ಮೇಜಿನ ಕೆಳಗೇ ನುಗ್ಗಿದರು. ಅವರೆಲ್ಲ ಹುಡುಕುತ್ತಿದ್ದ ನಾಣ್ಯ ನನ್ನ ಪರ್ಸಿನಲ್ಲಿ ಬೆಚ್ಚಗಿತ್ತು. ಬೇರೆ ದಾರಿ ಕಾಣದೆ ಅದನ್ನು ತೆಗೆದು ಸದ್ದಿಲ್ಲದೆ ಮಕ್ಕಳ ಕಡೆ ಉರುಳಿಸಿದೆ. ಮಕ್ಕಳು ಕೇಕೆ ಹಾಕಿದರು. ಅಜ್ಜ ಅದನ್ನು ಇವರ ಅಂಗೈಯಲ್ಲಿಟ್ಟು ಬೆನ್ನು ತಟ್ಟಿ ಹೋದ.

ಎಲ್ಲರೂ ಎದ್ದರು, ಇವರು ಮಾತ್ರ ಏಳಲಿಲ್ಲ. ಬೈಯಲೆಂದೇ ಸೀರೆ ಮುದುರಿಕೊಂಡು ನಾನೂ ಕೆಳಗೆ ಬಗ್ಗಿದೆ.

“ಮಾನ ಮರ್ಯಾದಿ ಐತೇನ್ರೀ? ಒಂದ ಕಾಫಿ ಮುಗಿಯೂ ತನಕಾ ಕುಂಡ್ರಾಕ ಆಗೂದಿಲ್ಲೇನು?”

“ಖರೇ ಹೇಳ್ತೀನಿ ನಾಗೂ, ಮ್ಯಾಲೆ ಕುಂತ್ರ ಅಂಜಿಕಿ ಬರ್ತೈತಿ,” ಎಂದರು ಮೆಲ್ಲಗೆ. “ಎರಡೂವರಿ ವರ್ಷ ಈ ಊರಾಗ ನಾ ಮೊಣಕಾಲ ಮ್ಯಾಲೇ ಇದ್ದಾಂವ. ಒಂದಿನಾನೂ ಕುರ್ಚಿ ಮ್ಯಾಲೆ ಕುಂತಿಲ್ಲ. ಯಾರರ ಬಂದು ಏಳು ಅಂತಾರೇನೋ ಅನಸ್ತೈತಿ.”

ಸಂಕಟವಾಯಿತು, ಪ್ರೀತಿಯೂ ಉಕ್ಕಿತು. ಆದರೆ ಅದನ್ನು ತೋರಿಸಿದರೆ ಈ ಮನುಷ್ಯ ಸಂಜೆಯವರೆಗೂ ಕೆಳಗೇ ಇರುತ್ತಾರೆಂದು ನನಗೆ ಗೊತ್ತಿತ್ತು.

“ಯಾರರ ಏಳು ಅಂದ್ರ ನನ್ನ ಕಡೆ ಕಳಸ್ರಿ. ಯಲ್ಲಾ, ನಡೀರಿ ಮ್ಯಾಲೆ!”

ಎದ್ದು ಕೂತರು. ಈ ಸಲ ಬೆನ್ನು ಕುರ್ಚಿಗೆ ತಾಗಿತು. ಕಾಫಿ ಕಪ್ ಕೈಯಲ್ಲಿ ಹಿಡಿದು ತಲೆಯೆತ್ತಿ ನೋಡಿದರು. ಹೂಕುಂಡಗಳ ಬಾಲ್ಕನಿ, ನೀರಿನಲ್ಲಿ ಅಲುಗುವ ಗುಲಾಬಿ ಗೋಡೆ, ಕಮಾನಿನಡಿ ಹೋಗುವ ದೋಣಿ.

“ಏ, ಎಷ್ಟ ಚಂದ ಐತಲ್ಲ ಇದು!”

“ಕಟ್ಟಿದವ್ರು ನೀವ ಅಲ್ಲೇನು?”

“ನಾ ನೆಲಾ ಅಷ್ಟ ನೋಡಿದ್ದೆ.”

ನನ್ನ ಕಾಫಿ ಮುಗಿಯಿತು. ಅವರದೂ ಮುಗಿಯಿತು, ತಳದ ಸಕ್ಕರೆ ಸಮೇತ. ನಾನು ಗೆದ್ದಿದ್ದೆ. ಸೂಕ್ ವಾಕಿಫ್ ಪೇಟೆಯಲ್ಲಿ ಅತ್ತೆಗೆ ಖರ್ಜೂರ ಕೊಳ್ಳುವುದಿತ್ತು, ಸೂಟ್‌ಕೇಸ್ ಕಟ್ಟುವುದಿತ್ತು. ಪರ್ಸ್ ಹಿಡಿದು ಎದ್ದೆ.

ಅವರು ಕದಲಲಿಲ್ಲ. ಅಂಗೈಯಲ್ಲಿದ್ದ ನಾಣ್ಯದಿಂದ ಮೇಜಿಗೆ ಎರಡು ಸಲ ಕುಟ್ಟಿ ಟೋನಿಯನ್ನು ಕರೆದು, ಇನ್ನೆರಡು ಕಾಫಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಕುಂಡ್ರು ನಾಗೂ. ನಿನಗ ಯಾರು ಏಳು ಅಂದ್ರು?”