ಸಂಧಾನಕಾರನ ಮೊಬೈಲು

ಹೆಂಡತಿ ಹೊಸ ಮೊಬೈಲು ಕೊಂಡಾಗ ಅವಳ ಹಳೆಯದು ದರ್ಜಿಯ ಪಾಲಿಗೆ ಬಂತು. ಗಾಜಿನ ಒಂದು ಮೂಲೆ ಸೀಳಿತ್ತು. ಏನನ್ನು ಒತ್ತಿದರೂ ಅದು ಸ್ವಲ್ಪ ಯೋಚನೆ ಮಾಡಿಯೇ ತೆರೆದುಕೊಳ್ಳುತ್ತಿತ್ತು. "ನಿಮಗೆ ಸರಿಜೋಡಿ ಬಿಡಿ. ಕೂಗಿದ್ರೆ ನಿಧಾನಕ್ಕೆ ಓ ಅನ್ನುತ್ತೆ" ಎಂದಿದ್ದಳು ಹೆಂಡತಿ. ಅವಳು ಅಂಗಡಿಯಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತು ಗುಂಡಿ ಹಚ್ಚುವವಳು.

ಆ ಮೊಬೈಲಿನಲ್ಲಿ ದರ್ಜಿ ಮಾಡುತ್ತಿದ್ದ ಮುಖ್ಯ ಕೆಲಸ ಸಂಧಾನದ್ದು. ಅವನ ಅಕ್ಕ ನಿವೃತ್ತ ಹೆಡ್‌ಮಿಸ್ಸು. ತಮ್ಮನೋ, ಮನೆಗಳಿಗೆ ಬಣ್ಣ ಬಳಿಯುವವನು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಕೆಲವು ವರ್ಷಗಳ ಹಿಂದೆ ಅಕ್ಕನ ನಡುಮನೆಗೆ ತಮ್ಮನೇ ಬಣ್ಣ ಹೊಡೆದಿದ್ದ. "ಕೆನೆ ಬಣ್ಣ ಹೊಡಿ ಅಂದ್ರೆ ಹಳದಿ ಹೊಡೆದಿದ್ದೀಯಲ್ಲೋ" ಎಂದಳು ಅಕ್ಕ. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದೀನೇ" ಎಂದ ತಮ್ಮ. ಅಷ್ಟೇ. ಅವತ್ತಿಗೇ ಮಾತು ನಿಂತಿತು.

ಅಂದಿನಿಂದ ಅಕ್ಕ ಹೇಳುವುದನ್ನು ತಮ್ಮನಿಗೆ, ತಮ್ಮ ಹೇಳುವುದನ್ನು ಅಕ್ಕನಿಗೆ ಮುಟ್ಟಿಸುವವನು ನಡುವಿನ ದರ್ಜಿ. ಇದ್ದದ್ದನ್ನು ಇದ್ದ ಹಾಗೆ ಮುಟ್ಟಿಸುವಷ್ಟು ದಡ್ಡನಲ್ಲ ಅವನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಆ ಕತ್ತೆ ಊಟ ತಿಂಡಿ ಮಾಡ್ತಿದ್ದಾನಾ, ಇಲ್ಲ ಬರೀ ಬೀಡಿ ಸೇದ್ತಿದ್ದಾನಾ?" ಎಂದು ಅಕ್ಕ ಕೇಳಿದರೆ ತಮ್ಮನಿಗೆ, "ಅಕ್ಕ ನಿನ್ನ ಆರೋಗ್ಯ ವಿಚಾರಿಸಿದಳು" ಎಂದು ಹೋಗುತ್ತಿತ್ತು. ಉದ್ದ ಇದ್ದದ್ದನ್ನು ಕತ್ತರಿಸಿ, ಬಿಗಿ ಇದ್ದದ್ದನ್ನು ಸಡಿಲ ಮಾಡಿ ಕೊಡುವುದು ಅವನ ಹುಟ್ಟುಗುಣವೇ ಆಗಿತ್ತು.

ತೊಡಕು ಒಂದೇ. ಅಕ್ಕ ಸಾದಾ ಮೆಸೇಜು ಬಿಟ್ಟು ಬೇರೇನೂ ಮುಟ್ಟುವವಳಲ್ಲ. ತಮ್ಮ ವಾಟ್ಸ್ಯಾಪ್ ಬಿಟ್ಟು ಬೇರೇನೂ ನೋಡುವವನಲ್ಲ. ದರ್ಜಿ ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊಬೈಲು ಉಸಿರು ಬಿಡುತ್ತಿತ್ತು, ಅವನಿಗೆ ಓದಿದ್ದೇ ಮರೆತುಹೋಗುತ್ತಿತ್ತು.

ಅವತ್ತು ಬೆಳಿಗ್ಗೆ ತನ್ನ ಕೋಟಿನ ಜಿಪ್ ಹಾಕಿಸಿಕೊಳ್ಳಲು ಬಂದ ನರ್ಸಮ್ಮ ಸ್ಟೂಲಿನ ಮೇಲೆ ಕೂತು ಇವನ ಒದ್ದಾಟ ನೋಡಿದಳು. "ಪದೇಪದೇ ಯಾಕೆ ಆಚೆ ಈಚೆ ಓಡಾಡ್ತೀರಾ? ಎರಡನ್ನೂ ಒಟ್ಟಿಗೇ ಇಟ್ಕೊಳ್ಳಿ" ಎಂದು ಮೊಬೈಲು ತೆಗೆದುಕೊಂಡಳು. ಕೆಳಗಿನ ಚೌಕದ ಗುರುತನ್ನು ಒತ್ತಿ ಹಿಡಿದಳು. ಅಕ್ಕನ ಮೆಸೇಜು ಮೇಲಿನ ಅರ್ಧಕ್ಕೆ ಏರಿ ಕೂತಿತು. ಕೆಳಗಿನ ಅರ್ಧಕ್ಕೆ ತಮ್ಮನ ವಾಟ್ಸ್ಯಾಪ್ ಬಂತು. ನಡುವೆ ಒಂದು ಕಪ್ಪು ಗೆರೆ.

"ಅಬ್ಬ! ಇಬ್ಬರೂ ಒಂದೇ ಮನೇಲಿ!" ಎಂದ ದರ್ಜಿ.

"ನಡುವೆ ಗೋಡೆ ಇದೆ ನೋಡಿ" ಎಂದಳು ಹೆಂಡತಿ, ದಾರ ಹಲ್ಲಿನಲ್ಲಿ ಕಡಿಯುತ್ತ.

ನರ್ಸಮ್ಮ ಕೋಟು ತೊಟ್ಟುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನ ಅರ್ಧದಲ್ಲಿ ಅಕ್ಕ ಕಾಣಿಸಿಕೊಂಡಳು. ಅಲ್ಪವಿರಾಮ, ಪೂರ್ಣವಿರಾಮ ಒಂದೂ ತಪ್ಪದ ಬರಹ. "ನಡುಮನೆಯ ಬಣ್ಣ ಹಪ್ಪಳದಂತೆ ಎದ್ದು ಬೀಳುತ್ತಿದೆ. ಅದಕ್ಕೆ ಏನು ಬೆರೆಸಿದ್ದ ಎಂದು ಆ ಮಹಾನುಭಾವನನ್ನು ಕೇಳು."

ದರ್ಜಿ ಕೆಳಗೆ ಬರೆದ: "ಅಕ್ಕ ನಿನ್ನ ನೆನೆಸಿಕೊಂಡಳು. ಗೋಡೆ ಸ್ವಲ್ಪ ನೋಡಬೇಕಂತೆ."

ತಮ್ಮ ಯಾವುದೋ ಏಣಿಯ ಮೇಲಿಂದಲೇ ಉತ್ತರಿಸಿದ: "ಗೋಡೆ ಒಳಗೆ ತೇವ ಇದೆ ಅಂತ ಅವತ್ತೇ ಬಡ್ಕೊಂಡೆ. ಮೇಡಂ ಕೇಳಿದ್ರಾ? ಈಗ ಅನುಭವಿಸ್ಲಿ."

ಇದನ್ನು ಅಕ್ಕನಿಗೆ ತಕ್ಕಂತೆ ಹೊಲಿಯಬೇಕಲ್ಲ. ದರ್ಜಿ ಬೆರಳಿಟ್ಟ. ಅಕ್ಷರದ ಮಣೆ ಮೇಲೆದ್ದು ಅರ್ಧ ಪರದೆಯನ್ನು ನುಂಗಿತು. ಉಳಿದ ಜಾಗದಲ್ಲಿ ಅಕ್ಕನೂ ತಮ್ಮನೂ ಒಂದೊಂದು ಸಾಲಾಗಿ ಮುದುರಿಕೊಂಡರು. ಬರೆಯುವ ಪಟ್ಟಿ ಯಾರದ್ದೆಂದು ತಲೆಬುಡ ತಿಳಿಯಲಿಲ್ಲ. ಇರಲಿ ಎಂದು ಬರೆದ: "ತಮ್ಮ ತುಂಬಾ ನೊಂದುಕೊಂಡ. ಅಕ್ಕನ ಮನೆಗೆ ಹೀಗಾಯ್ತಲ್ಲ ಅಂದ. ನಿನ್ನ ಮೇಲೆ ಅವನಿಗೆ ಬಹಳ ಗೌರವ." ಕಳಿಸಿದ.

ಕೆಳಗಿನ ಅರ್ಧ ಟಣ್ ಎಂದಿತು. "ಯಾರು ನೊಂದ್ಕೊಂಡಿದ್ದು? ನಾನಾ? ಯಾವಾಗ?"

ಅಕ್ಕನಿಗೆ ಹೋಗಬೇಕಾದ್ದು ತಮ್ಮನಿಗೆ ಹೋಗಿತ್ತು. ಸಮಜಾಯಿಷಿ ಕೊಡದೆ ಉಪಾಯವಿಲ್ಲ. ಗೆರೆಯನ್ನು ಮೇಲೆ ಎಳೆದ, ಕೆಳಗೆ ಎಳೆದ; ಒಮ್ಮೆ ಅಕ್ಕ ದೊಡ್ಡವಳಾದಳು, ಒಮ್ಮೆ ತಮ್ಮ ದೊಡ್ಡವನಾದ. ಕೊನೆಗೆ ಗಡಿಬಿಡಿಯಲ್ಲಿ ತಮ್ಮನಿಗೆಂದು ಬರೆದ: "ಅದು ಸುಮ್ಮನೆ ಅವಳ ಸಮಾಧಾನಕ್ಕೆ ಬರೆದದ್ದು ಮಾರಾಯ. ಅವಳ ಬಾಯಿ ನಿನಗೆ ಗೊತ್ತಲ್ಲ. ಇಷ್ಟು ವರ್ಷ ಹೀಗೇ ತೇಪೆ ಹಾಕ್ತಾ ಬಂದಿದ್ದೀನಿ."

ಈ ಸಲ ಯಾವ ಸದ್ದೂ ಬರಲಿಲ್ಲ. ದರ್ಜಿ ನೋಡಿದ. ಅವನು ಬರೆದದ್ದು ಮೇಲಿನ ಅರ್ಧದಲ್ಲಿ, ಅಕ್ಕನ "ಮಹಾನುಭಾವ"ನ ಕೆಳಗೆ ತಣ್ಣಗೆ ಕೂತಿತ್ತು.

"ಏನ್ರೀ, ಇಂಗು ತಿಂದ ಮಂಗನ ಹಾಗೆ ಕೂತ್ರಿ?" ಎಂದಳು ಹೆಂಡತಿ.

ಅವನು ತೋರಿಸಿದ. ಅವಳು ಓದಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಈಗಲೇ ಫೋನ್ ಮಾಡಿ" ಎಂದಳು.

ಅಕ್ಕನಿಗೆ ಮಾಡಿದ. ಬೇರೆ ಕರೆಯಲ್ಲಿದ್ದಾರೆ ಎಂದಿತು. ತಮ್ಮನಿಗೆ ಮಾಡಿದ. ಅವನೂ ಬೇರೆ ಕರೆಯಲ್ಲಿದ್ದ. ಮತ್ತೆ ಅಕ್ಕ, ಮತ್ತೆ ತಮ್ಮ. "ಮೊಬೈಲೇ ಕೆಟ್ಟಿರಬೇಕು" ಎಂದ ದರ್ಜಿ.

"ಕೆಟ್ಟಿಲ್ಲ. ಅವರಿಬ್ಬರೇ ಮಾತಾಡ್ತಿದ್ದಾರೆ."

"ಹೆಂಗೆ ಸಾಧ್ಯ? ಅವರಿಗೆ ಮಾತಿಲ್ಲವಲ್ಲ!"

ಮಧ್ಯಾಹ್ನದ ಹೊತ್ತಿಗೆ ಅಕ್ಕನೇ ಫೋನು ಮಾಡಿದಳು. ಬೈಗುಳಕ್ಕೆ ಬೆನ್ನು ಬಗ್ಗಿಸಿ ಕೂತಿದ್ದ ದರ್ಜಿಗೆ ಅವಳ ದನಿ ಮೆತ್ತಗಿದ್ದದ್ದೇ ಹೆಚ್ಚು ಹೆದರಿಕೆ ತಂದಿತು.

"ನಂಗೆ ಜ್ವರ ಬಂದಾಗ, 'ಅಕ್ಕ ಒಬ್ಬಳೇ ಇದ್ದಾಳೆ, ಹೋಗಿ ನೋಡ್ಕೊಂಡು ಬಾ' ಅಂತ ತಮ್ಮ ಅಂದ ಅಂತ ನೀನು ಹೇಳಿದ್ದೆ. ಅದು ಅವನು ಹೇಳಿದ್ದಾ, ನೀನು ಹೊಲಿದದ್ದಾ?"

ದರ್ಜಿ ನೆನಪು ಕೆದಕಿದ. ಆ ಮಾತು ಅವನಿಗೂ ಚೆನ್ನಾಗಿ ನೆನಪಿತ್ತು. ಆದರೆ ಅದು ತಮ್ಮನ ಬಾಯಿಂದ ಬಂದಿತ್ತೋ, ತನ್ನ ತಲೆಯಿಂದಲೋ? ಅಷ್ಟು ಮಾತುಗಳನ್ನು ಬಿಚ್ಚಿ ಹೊಲಿದವನಿಗೆ ಯಾವುದು ಮೂಲದ ಬಟ್ಟೆ, ಯಾವುದು ತೇಪೆ ಎಂದು ಈಗ ಗುರುತೇ ಸಿಗಲಿಲ್ಲ.

"ಗೊತ್ತಿಲ್ಲ ಅಕ್ಕ. ದೇವರಾಣೆಗೂ ಗೊತ್ತಿಲ್ಲ."

"ಅವನನ್ನ ಕೇಳಿದ್ರೆ ಅವನೂ ಗೊತ್ತಿಲ್ಲ ಅಂತಾನೆ" ಎಂದು ಅಕ್ಕ ಫೋನು ಇಟ್ಟಳು.

ದರ್ಜಿಗೆ ಕೆಲಸ ಓಡಲಿಲ್ಲ. ಒಂದು ತೋಳನ್ನು ಒಳಮೈ ಹೊರಗೆ ಮಾಡಿ ಹೊಲಿದು ಮತ್ತೆ ಬಿಚ್ಚಿದ. ಸಂಜೆ ಹೆಂಡತಿಗೆ ಅಂಗಡಿ ಬಿಟ್ಟು ಅಕ್ಕನ ಮನೆಗೆ ನಡೆದ. ಬೀದಿಯ ತಿರುವಿನಲ್ಲೇ ಗಲಾಟೆ ಕೇಳಿಸಿತು. ನಡುಮನೆಯಲ್ಲಿ ತಮ್ಮ ಏಣಿಯ ಮೇಲೆ ನಿಂತು ಗೋಡೆ ಕೆರೆಯುತ್ತಿದ್ದ. ಅಕ್ಕ ಕೆಳಗೆ ಏಣಿ ಹಿಡಿದು ನಿಂತಿದ್ದಳು. ತಲೆಗೂದಲ ಮೇಲೆಲ್ಲ ಹಳದಿ ಚೂರು.

"ಇಷ್ಟು ತೇವ ಇದ್ರೂ ಮೇಲೆ ಬಳಿದ್ಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?"

"ಬಳಿ ಬಳಿ ಅಂತ ತಲೆ ಮೇಲೆ ಕೂತಿದ್ದು ಯಾರು?"

ದರ್ಜಿ ಅಭ್ಯಾಸಬಲದಿಂದ ನಡುವೆ ಬಾಯಿ ಹಾಕಿದ: "ಅಲ್ಲ, ಅಕ್ಕ ಹೇಳಿದ್ದರ ಅರ್ಥ ಏನಂದ್ರೆ…"

"ನೀನು ಸುಮ್ಮನಿರು!" ಇಬ್ಬರೂ ಒಂದೇ ಉಸಿರಿಗೆ ಅಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗು ಬರುವ ಮೊದಲೇ ಮತ್ತೆ ಜಗಳಕ್ಕೆ ಇಳಿದರು.

ದರ್ಜಿ ಮೂಲೆಯ ಕುರ್ಚಿಯಲ್ಲಿ ಕೂತ. ಸಂತೋಷಪಡಬೇಕೋ, ಅವಮಾನಪಡಬೇಕೋ ತಿಳಿಯಲಿಲ್ಲ. ಯಾರೂ ಅವನ ಮೂಲಕ ಏನನ್ನೂ ಹೇಳಿ ಕಳಿಸಲಿಲ್ಲ. ಒಂದಷ್ಟು ಹೊತ್ತು ಕೂತು ಎದ್ದು ಬಂದ.

"ರಾಜಿ ಆಯ್ತಾ?" ಎಂದು ಕೇಳಿದಳು ಹೆಂಡತಿ.

"ಗೊತ್ತಿಲ್ಲ ಕಣೆ. ಜಗಳ ಇನ್ನೂ ಜೋರಾಗಿದೆ. ನಾನು ಬರೋವಾಗ ಅಕ್ಕ ಅವನಿಗೆ ತಟ್ಟೆ ಹಾಕ್ತಿದ್ದಳು."

"ನಿಮಗೆ?"

"ನನ್ನನ್ನ ಊಟ ಮಾಡ್ತೀಯಾ ಅಂತಾನೂ ಕೇಳಲಿಲ್ಲ" ಎಂದ ದರ್ಜಿ. ಹಾಗೆ ಹೇಳುವಾಗ ತನಗೆ ಯಾಕೆ ನಗು ಬರುತ್ತಿದೆ ಎಂದು ಅವನಿಗೇ ಅರ್ಥವಾಗಲಿಲ್ಲ.