ಹನ್ನೆರಡು ಒಂಬತ್ತರ ನಂತರ

"ಬಂದ್ರು ನೋಡು," ಎಂದಳು ಬೀದಿಬದಿಯಲ್ಲಿ ಸೋಯಾಕಾಳಿನ ಟೆಂಪೆ ಕರಿದು ಮಾರುವ ಪೈನೆಮ್, ಬಾಣಲೆಯಿಂದ ಕಣ್ಣೆತ್ತದೆ.

ಚಿತ್ರಮಂದಿರದ ಬಾಗಿಲು ದಢಾರನೆ ತೆರೆದುಕೊಂಡಿತು. ಜನ ಹಿಂಡುಹಿಂಡಾಗಿ ಹೊರಬಿದ್ದರು. ಸಿಗರೇಟು ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದ ಹೆಂಗಸರು, ಲುಂಗಿಯುಟ್ಟ ಮುದುಕರು, ಕಂಕುಳಲ್ಲಿ ಕೂಸಿದ್ದವರು, ಎಲ್ಲರೂ ಏನೋ ಗೆದ್ದು ಬಂದವರ ಹಾಗೆ ಎದೆಯುಬ್ಬಿಸಿಕೊಂಡಿದ್ದರು. ಒಳಗೆ ಸಿನಿಮಾ ಇನ್ನೂ ಓಡುತ್ತಲೇ ಇತ್ತು. ಬಾಗಿಲು ತೆರೆದಾಗಲೆಲ್ಲ ಅದರ ಸಂಗೀತದ ಒಂದು ತುಣುಕು ಬೀದಿಗೆ ಬಂದು ಹೋಗುತ್ತಿತ್ತು.

ವರ್ಸಿತಿ ಸ್ಟೂಲಿನಿಂದ ಎದ್ದಳು. ಚಿತ್ರಮಂದಿರದ ಪಕ್ಕದ ಖಾಲಿ ಜಾಗದಲ್ಲಿ ಸೈಕಲ್ಲು ಬೈಕು ನಿಲ್ಲಿಸಿಕೊಂಡು ಕಾಯುವುದು ಅವಳ ಕಸುಬು. ಐವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕೆಮಿರಿ ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಅವಳ ಜೊತೆ ಮಾತಾಡಬೇಕಾದರೆ ಕತ್ತೆತ್ತಬೇಕಿತ್ತು.

"ಇವತ್ತೂ ಭರ್ಜರಿಯಾಗಿ ಆಡ್ದೆ ಕಣಕ್ಕ," ಎಂದ ಒಬ್ಬ, ತನ್ನ ಸೈಕಲ್ಲು ಎಳೆದುಕೊಳ್ಳುತ್ತ.

"ನಾನೆಲ್ಲಿ ಆಡ್ದೆ? ಬೆಳಿಗ್ಗೆಯಿಂದ ನಿನ್ನ ಸೈಕಲ್ ಕಾಯ್ತಾ ಕೂತಿದೀನಿ."

"ಆ ಚೂಯಿಂಗ್ ಗಮ್ ಜಗೀತಾ ವೊನೊಕರ್ತದವರನ್ನ ದುರುಗುಟ್ಕೊಂಡು ನೋಡ್ತೀಯಲ್ಲ, ಅದಕ್ಕೇ ದುಡ್ಡು ಕೊಡಬಹುದು."

"ನಾನು ಜನ್ಮದಲ್ಲಿ ಚೂಯಿಂಗ್ ಗಮ್ ಜಗಿದೋಳಲ್ಲ."

"ಸಿನಿಮಾದಲ್ಲಿ ಜಗೀತೀಯ. ಚೆನ್ನಾಗೇ ಜಗೀತೀಯ," ಎಂದು ಅವನು ಪೆಡಲು ತುಳಿದ.

ಆ ಸಿನಿಮಾ ದೇಶದಲ್ಲೆಲ್ಲ ಮಕಾಡೆ ಮಲಗಿತ್ತು. ಜಕಾರ್ತದಲ್ಲಿ ವಾರ ತುಂಬುವುದರೊಳಗೆ ಎತ್ತಂಗಡಿಯಾಗಿತ್ತು. ವೊನೊಕರ್ತದ ಹರ್ತಿನಿ ಎಂಬ ವಾಲಿಬಾಲ್ ಆಟಗಾರ್ತಿಯ ನಿಜಜೀವನದ ಕಥೆ ಅದು. ಮುಂದೆ ದೇಶದ ತಂಡಕ್ಕೂ ಆಡಿ ಹೆಸರು ಮಾಡಿದ ಹೆಂಗಸು. ಅವಳ ಊರಿನಲ್ಲೇ ಅದನ್ನು ನೋಡುವವರಿರಲಿಲ್ಲ. ಆದರೆ ಕೆಮಿರಿಯಲ್ಲಿ, ಅಂದರೆ ಆ ಕಥೆಯ ಖಳರ ಊರಿನಲ್ಲಿ, ಅದು ಮೂರನೆಯ ವಾರವೂ ತುಂಬಿ ಓಡುತ್ತಿತ್ತು. ಆ ಖಳರ ಮುಂದಾಳು ವರ್ಸಿತಿ.

ಇಪ್ಪತ್ತಾರು ವರ್ಷಗಳ ಹಿಂದೆ, ಪ್ರಾಂತ್ಯದ ಹೆಂಗಸರ ಫೈನಲ್ಲಿನಲ್ಲಿ, ಕೆಮಿರಿಯ ಸಿಗರೇಟು ಕಾರ್ಖಾನೆಯ ತಂಡ ಕೊನೆಯ ಸೆಟ್ಟಿನಲ್ಲಿ ಹನ್ನೆರಡು ಒಂಬತ್ತರಿಂದ ಮುಂದಿತ್ತು. ವರ್ಸಿತಿ ಹೊಡೆದ ಚೆಂಡು ಗೆರೆಯ ಒಳಗೆ ಬಿತ್ತು. ತೀರ್ಪುಗಾರ ಹೊರಗೆ ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಕಾರ್ಖಾನೆಯ ಮ್ಯಾನೇಜರು ಎದ್ದು ಕರವಸ್ತ್ರ ಬೀಸಿದ್ದೇ ತಡ, ತಂಡ ಅಂಕಣ ಬಿಟ್ಟು ಹೊರಗೆ ನಡೆಯಿತು. ಕಪ್ಪು ವೊನೊಕರ್ತಕ್ಕೆ ಹೋಯಿತು. ಕೆಮಿರಿಯವರು ಮಾತ್ರ ಇವತ್ತಿಗೂ ನಾವು ಸೋತಿಲ್ಲ, ಬಿಟ್ಟು ಬಂದೆವು ಎಂದೇ ಹೇಳುತ್ತಾರೆ. ಆದ್ದರಿಂದ ಪರದೆಯ ಮೇಲೆ ಮ್ಯಾನೇಜರು ಕರವಸ್ತ್ರ ಬೀಸಿದೊಡನೆ ಇಡೀ ಚಿತ್ರಮಂದಿರ ಎದ್ದು ತಂಡದ ಜೊತೆ ಹೊರಗೆ ಬರುತ್ತಿತ್ತು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ದಿನ ಯಾರೋ ನಾಲ್ಕು ಮಂದಿ ಎದ್ದರು, ಮಾರನೆಯ ದಿನದಿಂದ ಅದೇ ರೂಢಿಯಾಯಿತು. ಎಷ್ಟೋ ಜನ ಬರೀ ಎದ್ದು ಬರುವ ಆ ಸುಖಕ್ಕೇ ಎರಡನೆಯ ಸಲ ಟಿಕೆಟ್ ಕೊಳ್ಳುತ್ತಿದ್ದರು.

ವರ್ಸಿತಿ ಸಿನಿಮಾ ನೋಡಿರಲಿಲ್ಲ. ಗೋಡೆಯಾಚೆಯಿಂದ ಶಿಳ್ಳೆ ಕೇಳುತ್ತ ಕೂತಿರುತ್ತಿದ್ದಳು. ತನ್ನನ್ನು ಕೆಟ್ಟವಳನ್ನಾಗಿ ಮಾಡಿದ್ದಾರೆಂಬ ಬೇಸರ ಅವಳಿಗೆ ಅಷ್ಟಾಗಿ ಇರಲಿಲ್ಲ. ಅವಳನ್ನು ಕೊರೆಯುತ್ತಿದ್ದ ಪ್ರಶ್ನೆಯೇ ಬೇರೆ.

"ಆಮೇಲೆ ಏನಾಗುತ್ತೆ?" ಎಂದು ಅವಳು ಕಂಡಕಂಡವರನ್ನು ಕೇಳುತ್ತಿದ್ದಳು.

"ಯಾವುದರ ಆಮೇಲೆ?"

"ತಂಡ ಹೊರಗೆ ಬಂದಮೇಲೆ."

"ನಾವೂ ಬರ್ತೀವಿ."

"ಅದಲ್ಲ, ಸಿನಿಮಾದಲ್ಲಿ."

"ಅದ್ಯಾವನಿಗೆ ಬೇಕು? ಅವರು ಕಪ್ ಎತ್ಕೊಂಡು ಕುಣೀತಾರೆ ಅಷ್ಟೆ."

ಸೊಪ್ಪು ಮಾರುವವಳಿಗೂ ಗೊತ್ತಿರಲಿಲ್ಲ, ಮಸೀದಿಯ ಗುರುಗಳಿಗೂ ಗೊತ್ತಿರಲಿಲ್ಲ. ಕೊನೆಗೆ ಅವಳು ಪ್ರೊಜೆಕ್ಟರ್ ಓಡಿಸುವ ಸಾರ್ಜೊನೊನನ್ನು ಹಿಡಿದಳು. ಸಿನಿಮಾವನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಿದವನು ಅವನೇ ತಾನೇ.

"ನಾನೂ ಎದ್ದು ಬಂದ್ಬಿಡ್ತೀನಮ್ಮ," ಎಂದ ಸಾರ್ಜೊನೊ ಮುಖ ಹುಳ್ಳಗೆ ಮಾಡಿಕೊಂಡು. "ಕೊನೇ ರೀಲು ಏರಿಸಿ ಹಿತ್ತಲಿಗೆ ಹೋಗಿ ಒಂದು ಸಿಗರೇಟ್ ಸೇದ್ತೀನಿ. ನಾನೂ ಈ ಊರೋನೇ ಅಲ್ವಾ?"

ಅವತ್ತು ಜನರ ಜಾತ್ರೆಯನ್ನು ಬಾಯಿಬಿಟ್ಟುಕೊಂಡು ನೋಡುತ್ತ ಇನ್ನೊಬ್ಬ ನಿಂತಿದ್ದ. ಇಸ್ತ್ರಿ ಮುರಿಯದ ಅಂಗಿ ತೊಟ್ಟ ಯುವಕ. ಹೆಸರು ಅರ್ಮಾನ್, ಜಕಾರ್ತದ ವಿತರಕರ ಕಚೇರಿಯವನು. ಎಲ್ಲೂ ಓಡದ ಸಿನಿಮಾ ಇಲ್ಲಿ ಹೇಗೆ ಓಡುತ್ತಿದೆ ಎಂದು ನೋಡಿಕೊಂಡು, ಹಾಗೇ ರೀಲುಗಳನ್ನು ಹೊತ್ತು ತರಲು ಅವನನ್ನು ಕಳಿಸಿದ್ದರು. ಮಾರನೆಯ ದಿನದಿಂದ ರಂಜಾನಿನ ಉಪವಾಸದ ತಿಂಗಳು, ಚಿತ್ರಮಂದಿರಕ್ಕೆ ಬೀಗ. ನಾಲ್ಕು ಗಂಟೆಯ ಆಟವೇ ಕೊನೆಯದು.

"ಇವರ್ಯಾಕೆ ಎದ್ದು ಬರ್ತಿದಾರೆ?" ಎಂದು ಅವನು ಪೈನೆಮ್‌ಳನ್ನು ಕೇಳಿದ. "ಇನ್ನೂ ಕಾಲುಗಂಟೆ ಸಿನಿಮಾ ಇದೆ."

"ನಮ್ಮ ಹುಡುಗೀರು ಹೊರಗೆ ಬಂದ್ರಲ್ಲಪ್ಪ. ಅವರನ್ನ ಬಿಟ್ಟು ನಾವು ಅಲ್ಲಿ ಕೂತು ಏನು ಮಾಡೋಣ? ತಗೋ, ಬಿಸಿ ಟೆಂಪೆ ತಿನ್ನು."

ಅರ್ಮಾನ್ ನಕ್ಕ. ನಗುವುದಕ್ಕೆ ಶುರುಮಾಡಿದವನಿಗೆ ನಿಲ್ಲಿಸಲಾಗಲಿಲ್ಲ. "ಬೇರೆ ಊರುಗಳಲ್ಲಿ ಈ ಸಿನಿಮಾ ಮುಳುಗಿದ್ದೇ ಆ ಕಾಲುಗಂಟೆಯಿಂದ. ಅಲ್ಲೀವರೆಗೂ ಚಪ್ಪಾಳೆ ಹೊಡೆದ ಜನ ಆಮೇಲೆ ಬೈಕೊಂಡು ಆಚೆ ಬರ್ತಿದ್ರು. ನೀವೊಬ್ರೇ ನೋಡಿ, ಅದನ್ನ ನೋಡದೆ ಬಚಾವಾದೋರು."

ವರ್ಸಿತಿ ಹತ್ತಿರ ಬಂದಳು. "ಏನಿದೆ ಅದರಲ್ಲಿ?"

"ಹೇಳಿದ್ರೆ ನನ್ನ ಹೊಟ್ಟೆಪಾಡು ಏನಾಗ್ಬೇಕಮ್ಮ? ಒಳಗೆ ಹೋಗಿ ನೋಡಿ." ಅವನು ಟೆಂಪೆಯನ್ನು ಊದಿ ಕಚ್ಚಿದ. "ನಿರ್ಮಾಪಕರು ಅದನ್ನ ಕತ್ತರಿಸಿ ಬಿಸಾಕೋಣ ಅಂತ ಕಾಲಿಗೆ ಬಿದ್ರಂತೆ. ಹರ್ತಿನಿ ಮೇಡಂ ಜಪ್ಪಯ್ಯ ಅನ್ನಲಿಲ್ಲ. ಅದಿಲ್ಲ ಅಂದ್ರೆ ನನ್ನ ಹೆಸರೂ ಬೇಡ, ಕಥೆಯೂ ಬೇಡ ಅಂದ್ರಂತೆ."

"ಈಯಮ್ಮ ಯಾರು ಗೊತ್ತೇನಪ್ಪ?" ಎಂದಳು ಪೈನೆಮ್, ಜಾಲರಿ ಸೌಟಿನಿಂದ ವರ್ಸಿತಿಯನ್ನು ತೋರಿಸಿ.

ಅರ್ಮಾನ್ ಕತ್ತೆತ್ತಿ ನೋಡಿದ. ಜಗಿಯುವುದನ್ನು ನಿಲ್ಲಿಸಿದ. "ವರ್ಸಿತಿ ಅಮ್ಮನಾ?" ಎಂದ. ಆಮೇಲೆ ಎಣ್ಣೆಯ ಕೈಯನ್ನು ಅಂಗಿಗೇ ಒರೆಸಿಕೊಂಡು, ಅವಳ ಕೈಹಿಡಿದು ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಯಾರಾದರೂ ಮಾಡುವ ನಮಸ್ಕಾರವೇ. ಆದರೂ ಅವನು ಬಿಟ್ಟ ಕೈಯನ್ನು ವರ್ಸಿತಿ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಊರಿನವರು ಬಲ್ಲ ಕಥೆ ಕರವಸ್ತ್ರಕ್ಕೇ ಮುಗಿದುಹೋಗುತ್ತದೆ. ಅವಳ ಕಥೆ ಮುಗಿದಿರಲಿಲ್ಲ. ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಬಾಗಿಲು ಹಾಕಿಕೊಂಡು ಅಳುತ್ತ ಕೂತುಬಿಟ್ಟಿದ್ದಳು. ತಂಡದ ಲಾರಿ ತಲೆ ಎಣಿಸದೆ ಹೊರಟುಹೋಗಿತ್ತು. ಮುಖ ತೊಳೆದುಕೊಂಡು ಈಚೆ ಬಂದರೆ ಕ್ರೀಡಾಂಗಣದಲ್ಲಿ ಒಂದು ನರಪಿಳ್ಳೆಯಿಲ್ಲ, ಹರ್ತಿನಿ ಒಬ್ಬಳನ್ನು ಬಿಟ್ಟು. ಕಪ್ಪನ್ನು ನೆಲದ ಮೇಲಿಟ್ಟು, ಚೆಂಡನ್ನು ಸುಮ್ಮನೆ ಪುಟಿಸುತ್ತಿದ್ದಳು. ಇವಳನ್ನು ಕಂಡು ಕೇಳಿದ್ದು ಒಂದೇ ಮಾತು, "ಮುಗಿಸೋಣ್ವಾ?"

ಇಬ್ಬರೇ ಆಡಿದ್ದರು. ಹನ್ನೆರಡು ಒಂಬತ್ತರಿಂದ. ವರ್ಸಿತಿ ಹದಿನೈದು ಮುಟ್ಟಿ ಗೆದ್ದಿದ್ದಳು.

ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಗಂಡನಿಗೆ ಮಾತ್ರ, ಮದುವೆಯಾದ ಹೊಸದರಲ್ಲಿ. ಅವನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ. "ಯಾರು ನೋಡಿದ್ರು? ದೆವ್ವದ ಜೊತೆ ಆಡಿ ಗೆದ್ಯಾ?" ಎಂದಿದ್ದ. ಅವನದೇನೂ ಕೆಟ್ಟ ಮನಸ್ಸಲ್ಲ. ಆದರೆ ಅವಳು ಮತ್ತೆ ಯಾರಿಗೂ ಹೇಳಲಿಲ್ಲ. ಊರೇ ತಲೆಯೆತ್ತಿ ಬಿಟ್ಟುಬಂದ ಅಂಕಣಕ್ಕೆ ತಾನು ಮರಳಿ ಹೋದೆ ಎಂದು ಹೇಳುವುದಾದರೂ ಹೇಗೆ? ವರ್ಷ ಕಳೆದಂತೆ ಅವಳಿಗೇ ಗುಮಾನಿ ಬರತೊಡಗಿತು. ಅತ್ತು ಅತ್ತು ನಿದ್ದೆಹೋಗಿ ಕಂಡ ಕನಸಿರಬಹುದೇ ಅದು? ಅದನ್ನು ಬಲ್ಲ ಇನ್ನೊಂದೇ ಒಂದು ಜೀವ ಈಗ ಸಿನಿಮಾದ ನಾಯಕಿ. ತನ್ನದೇ ಕಥೆಯಲ್ಲಿ ತಾನೇ ಸೋತೆ ಎಂದು ಯಾವ ನಾಯಕಿ ಹೇಳಿಸಿಯಾಳು? ಅದನ್ನು ಬಿಟ್ಟೇಬಿಟ್ಟಿದ್ದರೆ ಹೋಗಲಿ. ತಿರುಗಿಸಿ, ತಾನು ಗೆದ್ದೆ ಎಂದು ತೋರಿಸಿಬಿಟ್ಟಿದ್ದರೆ? ಆಗ ವರ್ಸಿತಿಯ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಈ ಭಯದಿಂದಲೇ ಅವಳು ಮೂರು ವಾರ ಗೋಡೆಯ ಈಚೆಗೆ ಕೂತಿದ್ದಳು.

ನಾಲ್ಕು ಗಂಟೆಗೆ ಅವಳು ತಲೆಯ ವಸ್ತ್ರ ಸರಿಮಾಡಿಕೊಂಡು ಹೊರಟಳು. "ಸ್ವಲ್ಪ ಸೈಕಲ್ ಕಡೆ ನೋಡ್ಕೊಳ್ಳೆ."

"ನೀನು ಸಿನಿಮಾಗೆ ಹೋಗೋವಾಗ ನಾನು ಇಲ್ಲಿ ಕೂತಿರ್ಲಾ?" ಎಂದು ಪೈನೆಮ್ ಒಲೆ ಆರಿಸಿದಳು. "ಕಳ್ಳರೂ ಒಳಗೇ ಇರ್ತಾರೆ, ನಡಿ."

ಹಿಂದಿನ ಸಾಲಿನ ಮೂಲೆಯಲ್ಲಿ ಕೂತರಾಯಿತು, ಊರಿನವರು ಎಂದಿನಂತೆ ಎದ್ದು ಹೋದ ಮೇಲೆ ಕತ್ತಲಲ್ಲಿ ಒಬ್ಬಳೇ ನೋಡಿದರಾಯಿತು ಎಂದು ವರ್ಸಿತಿ ಲೆಕ್ಕ ಹಾಕಿದ್ದಳು. ಯಾರು ಬಿಟ್ಟರು? ಟಿಕೆಟ್ ಹರಿಯುವವನು ಅವಳ ಟಿಕೆಟ್ ಮುಟ್ಟಲಿಲ್ಲ. ಮದುಮಗಳನ್ನು ಕರೆದುಕೊಂಡು ಹೋಗುವಂತೆ ನಡುಸಾಲಿನ ನಡುಮಧ್ಯಕ್ಕೆ ಕರೆದುಕೊಂಡು ಹೋಗಿ ಕೂರಿಸಿದರು. ಬೇಯಿಸಿದ ಕಡಲೆಕಾಯಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸಿಹಿ ಟೀ ಎಲ್ಲ ಕಡೆಯಿಂದ ಅವಳ ಮಡಿಲಿಗೆ ಬಂದವು.

ಪರದೆಯ ಮೇಲಿನ ವರ್ಸಿತಿ ಗಿಡ್ಡಿ. ಸೊಂಟದ ಮೇಲೆ ಕೈಯಿಟ್ಟು ಚೂಯಿಂಗ್ ಗಮ್ ಜಗಿಯುತ್ತಿದ್ದಳು. ಅವಳು ಕಂಡಾಗಲೆಲ್ಲ ಶಿಳ್ಳೆಯೋ ಶಿಳ್ಳೆ. ಹರ್ತಿನಿಯಾಗಿದ್ದ ಹುಡುಗಿ ತೆಳ್ಳಗೆ ಬೆಳ್ಳಗೆ ಇದ್ದಳು. ಅವಳ ಬಡತನ, ಅವಳ ಅಮ್ಮನ ಕಾಯಿಲೆ ಬಂದಾಗ ಜನ ಕಡಲೆಕಾಯಿ ಸುಲಿದರು. ಕೊನೆಗೆ ಫೈನಲ್ ಬಂತು, ಹನ್ನೆರಡು ಒಂಬತ್ತು ಬಂತು, ಗೆರೆಯೊಳಗೆ ಚೆಂಡು ಬಿತ್ತು. ತೀರ್ಪುಗಾರ ಕೈಯೆತ್ತಿದ. ಮ್ಯಾನೇಜರು ಕರವಸ್ತ್ರ ಬೀಸಿದ.

ಕುರ್ಚಿಗಳು ಪಟಪಟನೆ ಮಡಚಿಕೊಂಡವು. ಊರೇ ಎದ್ದು ನಿಂತಿತು. ಆದರೆ ಅವತ್ತು ಯಾರೂ ಬಾಗಿಲ ಕಡೆ ಹೋಗಲಿಲ್ಲ. ನಡುವೆ ದಾರಿ ಬಿಟ್ಟು ಎರಡೂ ಬದಿಗೆ ಸರಿದು ನಿಂತರು.

"ಬಾಕ್ಕ. ಇವತ್ತು ನೀನೇ ಮುಂದೆ ನಡಿ."

ವರ್ಸಿತಿ ಕೂತೇ ಇದ್ದಳು. "ನೀವು ಹೋಗಿ. ನಾನು ಆಮೇಲೆ ಬರ್ತೀನಿ."

"ನೀನು ಬರದೆ ನಾವು ಹೋಗೋದಾ? ಚೆನ್ನಾಗಿದೆ."

"ಕಾಲು ಜೋಮು ಹಿಡಿದಿದೆ ಕಣ್ರೋ."

"ಎತ್ಕೊಂಡು ಹೋಗ್ತೀವಿ. ನಾಲ್ಕು ಜನ ಸಾಕಾಗಲ್ಲ ಅಷ್ಟೆ."

ನಗು ಎದ್ದಿತು. ಪರದೆಯ ಮೇಲೆ ಲಾರಿ ಹೊರಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಬರುತ್ತದೆ, ಬಂದರೆ ಇವರೆಲ್ಲರ ಎದುರಿಗೇ ಬರುತ್ತದೆ ಎಂದು ವರ್ಸಿತಿಗೆ ಹೊಳೆಯಿತು. ಎದ್ದು ಹೋಗಿಬಿಟ್ಟರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅದು ಕನಸೋ ನಿಜವೋ ಎಂಬುದು ಸಾಯುವ ತನಕ ಗೊತ್ತಾಗುತ್ತಿರಲಿಲ್ಲ. ಬಾಯಿ ತಾನಾಗಿ ಹೇಳಿತು.

"ಆಟ ಮುಗಿದಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕೂತವಳು ಪೈನೆಮ್. ಆಮೇಲೆ ಅವಳ ಪಕ್ಕದವರು, ಆಮೇಲೆ ಹಿಂದಿನವರು, ಗೊಣಗುತ್ತ ಗೊಣಗುತ್ತ ಎಲ್ಲರೂ ಕೂತರು.

ಕಪ್ಪು ಕೊಡುವಾಗ ಛೀ ಥೂ ಎಂದರು. ಚಪ್ಪಾಳೆ ನಿಂತು ಪರದೆಯ ಮೇಲಿನ ಕ್ರೀಡಾಂಗಣ ಖಾಲಿಯಾಯಿತು. ಹರ್ತಿನಿ ಒಬ್ಬಳೇ ಚೆಂಡು ಪುಟಿಸುತ್ತಿದ್ದಳು. ಆಗ ಬಾಗಿಲಿನಿಂದ ಆ ಗಿಡ್ಡ ಹುಡುಗಿ ಒಳಗೆ ಬಂದಳು, ಕಣ್ಣು ಊದಿಕೊಂಡಿತ್ತು, ಬಾಯಲ್ಲಿ ಏನೂ ಇರಲಿಲ್ಲ.

"ಇವಳ್ಯಾಕೆ ವಾಪಸ್ ಬಂದ್ಲು?" ಎಂದು ಯಾರೋ ಕೇಳಿದರು.

ಪೈನೆಮ್ ವರ್ಸಿತಿಯ ಕೈ ಹಿಡಿದುಕೊಂಡಳು. "ನೀನು ವಾಪಸ್ ಹೋಗಿದ್ಯಾ?"

ಪರದೆಯ ಮೇಲೆ ಹರ್ತಿನಿ ಚೆಂಡನ್ನು ಕೈಗೆತ್ತಿಕೊಂಡು, ಬೇರೇನೂ ಹೇಳದೆ, "ಮುಗಿಸೋಣ್ವಾ?" ಎಂದಳು.

ಅದೇ ಮಾತು. ಹೆಚ್ಚಿಲ್ಲ, ಕಡಿಮೆಯಿಲ್ಲ. ವರ್ಸಿತಿಯ ಕಣ್ಣು ತುಂಬಿ ಪರದೆ ಕಲಸಿಹೋಯಿತು. ಅವಳು ತಲೆಯ ವಸ್ತ್ರದ ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಮೊದಲ ಅಂಕ ಹರ್ತಿನಿಗೆ ಹೋಯಿತು, ಎರಡನೆಯದೂ ಹೋಯಿತು. ಕಡಲೆಕಾಯಿ ಸುಲಿಯುವ ಕೈಗಳು ನಿಂತವು. ಆಮೇಲೆ ಗಿಡ್ಡ ಹುಡುಗಿ ಚೆಂಡನ್ನು ಮೂಲೆಗೆ ಬಡಿದಳು.

"ಹದಿಮೂರು," ಎಂದಿತು ಹಿಂದಿನಿಂದ ಒಂದು ಮುದಿ ದನಿ.

"ಹದಿನಾಲ್ಕು," ಎಂದರು ಇಡೀ ಸಾಲಿನವರು.

ಕೊನೆಯ ಸುತ್ತು ನಿಲ್ಲಲೇ ಒಲ್ಲದು. ಇಬ್ಬರೂ ಬಿದ್ದರು, ಎದ್ದರು. ಚೆಂಡು ಬಲೆಯ ಮೇಲೆ ಎತ್ತರಕ್ಕೆ ಬಂತು. ಗಿಡ್ಡ ಹುಡುಗಿ ಮೇಲಕ್ಕೆ ನೆಗೆದು, ಹೊಡೆಯಲು ಕೈ ಬೀಸಿ, ಹೊಡೆಯಲಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ದಾಟಿಸಿಬಿಟ್ಟಳು. ಬಲೆಯ ಬುಡದಲ್ಲೇ ಬಿದ್ದ ಚೆಂಡಿಗೆ ಹರ್ತಿನಿ ಓಡಿ ಬಂದು ಮುಟ್ಟಲಾಗದೆ, ಅಲ್ಲೇ ಮೊಣಕಾಲೂರಿ ನಗತೊಡಗಿದಳು. ವರ್ಸಿತಿ ತನ್ನ ಜೀವಮಾನದಲ್ಲಿ ಅಂಥ ಕಳ್ಳ ಏಟು ಆಡಿದ್ದು ಅದೊಂದೇ ಸಲ. ಗಂಡನಿಗೂ ಅದನ್ನು ಹೇಳಿರಲಿಲ್ಲ. ಕೂತು ಕಥೆ ಬರೆಯುವವರಿಗೆ ಅದು ಹೊಳೆಯುವಂಥದ್ದಲ್ಲ.

ಅಂಕ ಕೂಗಲು ಜನ ಬಾಯಿ ತೆರೆದರು, ಕೂಗಲಿಲ್ಲ. ಸಾಲುಸಾಲಾಗಿ ಮುಖಗಳು ನಡುವಿನ ಕುರ್ಚಿಯ ಕಡೆ ತಿರುಗಿದವು.

"ಹದಿನೈದು," ಎಂದಳು ವರ್ಸಿತಿ.

ದೀಪ ಹತ್ತಿದವು. ಪರದೆಯ ಮೇಲೆ ಹೆಸರುಗಳು ಏರುತ್ತ ಹೋದವು, ಬೆಳಕಿನಲ್ಲಿ ಅವು ಯಾವುವೂ ಸರಿಯಾಗಿ ಕಾಣುತ್ತಿರಲಿಲ್ಲ. ಯಾರೂ ಏಳಲಿಲ್ಲ. ಅವಳೇ ಮೊದಲು ಏಳಲಿ ಎಂದು ಕಾಯುತ್ತಿದ್ದರು. ವರ್ಸಿತಿ ಕುರ್ಚಿಯ ಕೆಳಗೆ ಎಲ್ಲೋ ಸರಿದುಹೋಗಿದ್ದ ಚಪ್ಪಲಿಯನ್ನು ಕಾಲಿನಿಂದಲೇ ತಡಕುತ್ತ, ಸಾವಕಾಶವಾಗಿ ಕೂತಿದ್ದಳು.